ವರ್ಷದ ಫೋಲ್ಡರೋ, ವಿಷಯದ ಫೋಲ್ಡರೋ, ಒಂದೇ ರಾಶಿಯೋ?

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸು ಉಣಕಲ್ ಕೆರೆ ದಾಟುತ್ತಿತ್ತು. ತಮ್ಮನ ಫೋನು ಬಂತು. ಕುಂದಗೋಳದಲ್ಲಿ ಬೆಳೆಸಾಲದ ಅರ್ಜಿ ಹಿಡಿದು ನಿಂತಿದ್ದ, ಹೊಲದ ದಾಖಲೆ ಪತ್ರ, ಅಂದರೆ ಉತಾರ, ಈಗಲೇ ಬೇಕಂತೆ. ಅದು ಇರುವುದು ಧಾರವಾಡದ ಮನೆಯ ಕಂಪ್ಯೂಟರಿನಲ್ಲಿ. ಹೆಂಡತಿಗೆ ಹುಡುಕಲು ಹೇಳಿದೆ. ನಾನು ಹೊಸೂರಿನಲ್ಲಿ ಇಳಿದರೂ ಸಿಗಲಿಲ್ಲ. "ನ್ಯೂ ಫೋಲ್ಡರ್ ಅಂತಲೇ ಏಳು ಇವೆಯಲ್ರೀ, ಯಾವುದನ್ನು ತೆಗೆಯಲಿ?" ಅಂದಳು.

ಅವತ್ತು ರಾತ್ರಿಯೇ ಕೆಲಸ ಶುರು ಮಾಡಿದೆ. ಹನ್ನೊಂದು ವರ್ಷದ ಗಂಟು ಅದು. ಹೊಲದ ಕಾಗದ, ಮನೆ ತೆರಿಗೆ ರಸೀದಿ, ಮಗಳ ಅಂಕಪಟ್ಟಿ, ಮದುವೆ ಮುಂಜಿವೆಗಳ ಫೋಟೋ, ನುಡಿ ಅನ್ನುವ ಕನ್ನಡದ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ನನ್ನ ಹಳೆಯ ಬರಹಗಳು. ಮೂರು ಪದ್ಧತಿ, ಒಂದೊಂದಕ್ಕೂ ಸುಮಾರು ಎರಡು ತಿಂಗಳು. ಪರೀಕ್ಷೆ ಮಾತ್ರ ಒಂದೇ: ನಾನು ಮನೆಯಲ್ಲಿ ಇಲ್ಲದಾಗ, ನನ್ನನ್ನು ಕೇಳದೆ, ಅವಳಿಗೆ ಕಾಗದ ಸಿಗಬೇಕು.

ಮೊದಲು ವರ್ಷ, ತಿಂಗಳಿನ ಲೆಕ್ಕ. 2019, 2020 ಅಂತ ಫೋಲ್ಡರ್, ಅದರೊಳಗೆ 01ರಿಂದ 12. ಇಡುವುದಕ್ಕೆ ಇಷ್ಟು ಸುಲಭದ್ದು ಬೇರೆ ಇಲ್ಲ, ತಲೆಯೇ ಓಡಿಸಬೇಕಿಲ್ಲ. ಫೋಟೋಗಳಿಗಂತೂ ಹೇಳಿ ಮಾಡಿಸಿದ ಹಾಗಿದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರದ ಹೆಸರಿನಲ್ಲೇ 20230614 ಅಂತ ತಾರೀಖು ಇರುತ್ತದೆ, ನೋಡಿ ಸರಿಸಿದರಾಯಿತು. ಕಾಗದಪತ್ರಕ್ಕೆ ಬಂದಾಗ ಮಾತ್ರ ಸೋತೆ. ಆ ರಸೀದಿ ಯಾವ ತಿಂಗಳದ್ದು ಅಂತ ಯಾರಿಗೆ ನೆನಪಿರುತ್ತದೆ? ಅದರ ಮೇಲೆ ತೆರಿಗೆಯ ವರ್ಷ ಏಪ್ರಿಲ್‌ಗೆ ಶುರು, ಶಾಲೆಯದು ಜೂನ್ ಹೊತ್ತಿಗೆ, ಹೊಲದ್ದು ಮುಂಗಾರಿಗೆ. ಕ್ಯಾಲೆಂಡರಿನ ವರ್ಷಕ್ಕೆ ಇವು ಯಾವುದೂ ಹೊಂದುವುದಿಲ್ಲ. ಹೆಂಡತಿ ಒಂದೊಂದೇ ತಿಂಗಳು ತೆಗೆದು ನೋಡಿ ಸಾಕಾಗಿ ಬಿಟ್ಟಳು.

ಎರಡನೆಯದು ವಿಷಯದ ಪ್ರಕಾರ. ಇದು ನಮ್ಮ ಮನೆಯ ತಿಜೋರಿಯಲ್ಲಿ ಮೊದಲಿನಿಂದ ಇರುವ ಪದ್ಧತಿಯೇ: ಹೊಲದ್ದು ಒಂದು ಚೀಲ, ಬ್ಯಾಂಕಿನದು ಒಂದು ಚೀಲ. ಅವಳಿಗೆ ಕೂಡಲೇ ಹಿಡಿಸಿತು. ಕೆಡಿಸಿದ್ದು ನಾನು. ಹುರುಪಿನಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಏಳು ಮೆಟ್ಟಿಲು ಇಳಿದಿದ್ದೆ. ಬ್ಯಾಕಪ್‌ಗೆಂದು ಹೊರಗಿನ ಡಿಸ್ಕಿಗೆ ಹಾಕಲು ಹೋದರೆ ಹೆಸರು ಜಾಸ್ತಿ ಉದ್ದ ಆಯಿತು ಅಂತ ತಕರಾರು. ವಿಂಡೋಸ್‌ನಲ್ಲಿ ಡ್ರೈವ್‌ನಿಂದ ಹಿಡಿದು ಫೈಲಿನ ಹೆಸರಿನ ತನಕ ಇಡೀ ದಾರಿ ಸಾಮಾನ್ಯವಾಗಿ 260 ಅಕ್ಷರದೊಳಗೆ ಇರಬೇಕು. ಕನ್ನಡದಲ್ಲಿ ಹೆಸರಿಟ್ಟರೆ ಇದು ಬೇಗ ತುಂಬುತ್ತದೆ, ಯಾಕೆಂದರೆ ಕೊಂಬು, ಸೊನ್ನೆ, ಒತ್ತಿಗೆಲ್ಲ ಬೇರೆ ಬೇರೆ ಲೆಕ್ಕ. ಕುಂದಗೋಳ ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರಿಗೆ 7.

ಇನ್ನೊಂದು ತಲೆನೋವು, ಸಾಲದ ಪತ್ರ ಹೊಲದ ಫೋಲ್ಡರಿಗೋ ಬ್ಯಾಂಕಿನ ಫೋಲ್ಡರಿಗೋ? ಎರಡೂ ಕಡೆ ಕಾಪಿ ಇಟ್ಟೆ. ತಿಂಗಳು ಕಳೆಯುವುದರಲ್ಲಿ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಇರಲಿಲ್ಲ. ಈಗ ಒಂದು ಕಡೆ ಫೈಲು, ಇನ್ನೊಂದು ಕಡೆ ಬರೀ ಶಾರ್ಟ್‌ಕಟ್.

ಮೂರನೆಯದು ನನ್ನ ಪ್ರೀತಿಯದು. ಕಣದಲ್ಲಿ ರಾಶಿ ಹಾಕಿದ ಹಾಗೆ ಎಲ್ಲವೂ ಒಂದೇ ಫೋಲ್ಡರಿನಲ್ಲಿ. ಹೆಸರು ಮಾತ್ರ ಕಟ್ಟುನಿಟ್ಟು: 2024-06-12 ಉತಾರ ಕುಂದಗೋಳ. ವರ್ಷ ಮುಂದಿದ್ದರೆ ಹೆಸರಿನ ಸಾಲೇ ತಾರೀಖಿನ ಸಾಲಾಗುತ್ತದೆ. ನಾವು ಬರೆಯುವಂತೆ ದಿನವನ್ನು ಮುಂದಿಟ್ಟರೆ ಎಲ್ಲ ವರ್ಷಗಳ 12ನೇ ತಾರೀಖೂ ಒಂದೇ ಕಡೆ ಗುಂಪುಗೂಡುತ್ತದೆ. ತಾರೀಖಿನ ನಡುವೆ ಓರೆಗೆರೆಯನ್ನು ವಿಂಡೋಸ್ ಒಪ್ಪುವುದಿಲ್ಲ, ಅದಕ್ಕೆ ಅಡ್ಡಗೆರೆ. ಹುಡುಕಲು ಎವೆರಿಥಿಂಗ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡೆ. ಎರಡು ಅಕ್ಷರ ಒತ್ತುವುದರೊಳಗೆ ಫೈಲು ಮುಂದೆ ಬಂದು ನಿಲ್ಲುತ್ತದೆ. ನಾನು ಹಿಗ್ಗಿ ಹೀರೇಕಾಯಿ ಆದೆ.

ಹೆಂಡತಿಗೆ ಒಂದೂ ಸಿಗಲಿಲ್ಲ.

ಅವಳು ಶಿವಮೊಗ್ಗದ ಕಡೆಯವಳು. ನಮಗೆ ಉತಾರ ಆದದ್ದು ಅವಳಿಗೆ ಪಹಣಿ. ಪಹಣಿ ಅಂತ ಟೈಪ್ ಮಾಡಿ, ಏನೂ ಇಲ್ಲ ಅಂತ ಎದ್ದು ಹೋಗಿದ್ದಳು. ಮದುವೆಯಾಗಿ ಹದಿನೈದು ವರ್ಷವಾದರೂ ಈ ಪದ ಅವಳ ಬಾಯಿಗೆ ಹತ್ತಿಲ್ಲ, ಹತ್ತಬೇಕು ಅಂತಲೂ ಇಲ್ಲ ಬಿಡಿ. ಸರ್ಚ್ ಅನ್ನುವುದು ಹೆಸರಿಟ್ಟವನ ಗುಲಾಮ. ಫೋಲ್ಡರಾದರೆ ಕಣ್ಣಾಡಿಸಬಹುದು, 'ಹೊಲ' ಅಂತ ಕಂಡರೆ ಒಳಗೆ ಹೋಗಬಹುದು. ಸರ್ಚಿನ ಖಾಲಿ ಡಬ್ಬಿ ಮುಂದೆ ಸುಮ್ನೆ ಕೂತವರಿಗೆ ಅದು ಯಾವ ಸುಳಿವೂ ಕೊಡುವುದಿಲ್ಲ.

ನನಗೂ ಅದು ಕೈಕೊಟ್ಟಿತು. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫೈಲಿನ ಒಳಗಿನ ಮಾತನ್ನು ವಿಂಡೋಸ್ ಸರ್ಚಿನಲ್ಲಿ ಯೂನಿಕೋಡ್, ಅಂದರೆ ಕಂಪ್ಯೂಟರಿಗೆ ಕನ್ನಡವೆಂದೇ ಗೊತ್ತಾಗುವ ಅಕ್ಷರದಲ್ಲಿ ಹುಡುಕಿದರೆ ಸಿಗುವುದು ಹೇಗೆ? ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ, ಅರ್ಧವೂ ಮುಗಿದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ.

ನಡುವೆ ಜಾನಿ ಡೆಸಿಮಲ್ ಅನ್ನುವ ನಂಬರಿನ ಪದ್ಧತಿಯನ್ನೂ ನೋಡಿದೆ. 10ರಿಂದ 19 ಮನೆಗೆ, 20ರಿಂದ 29 ಹೊಲಕ್ಕೆ, ಹೀಗೆ. "ಇದೇನು ರೈಲ್ವೆ ಟೈಮ್‌ಟೇಬಲ್ಲಾ?" ಅಂದಳು. ಎರಡೇ ವಾರಕ್ಕೆ ಕೈಬಿಟ್ಟೆ.

ಈಗ ಫೋಟೋಗಳು ವರ್ಷದ ಫೋಲ್ಡರಿನಲ್ಲಿವೆ. ಕಾಗದಗಳು ವಿಷಯದ ಫೋಲ್ಡರಿನಲ್ಲಿ, ಎರಡೇ ಮೆಟ್ಟಿಲು, ಅದಕ್ಕಿಂತ ಕೆಳಗಿಲ್ಲ. ಫೈಲಿನ ಹೆಸರು ಮೂರನೆಯ ಪದ್ಧತಿಯದು, ಆದರೆ 'ಉತಾರ ಪಹಣಿ' ಅಂತ ಎರಡೂ ಪದ ಇರುತ್ತವೆ.

ಮೊನ್ನೆ ತಮ್ಮ ಮತ್ತೆ ಕೇಳಿದ. ಬಸ್ಸು ನವನಗರ ದಾಟುವ ಮೊದಲೇ ಅವಳು ಕಳಿಸಿದ್ದಳು. ಕಳಿಸಿದ್ದು 2021ರದು. ಹಳೆಯದು ಮೇಲೆ, ಹೊಸದು ಕೆಳಗೆ ಬರುವಂತೆ ನಾನೇ ಇಟ್ಟಿದ್ದೆ, ಅವಳು ಮೇಲಿನದನ್ನು ಎತ್ತಿದ್ದಳು. ಸಂಜೆ ಬಂದು ಸಾಲನ್ನು ತಿರುವಿ ಹಾಕಿದೆ.