ಐದು ಬ್ಯಾಂಗೈ ಮೀನು ತಂದೆ, ಉಳಿದಿದ್ದು ಎರಡು: ಮೀನಿಗೆ 5 ಸ್ಟಾರ್, ಅಂಗಡಿಯವ್ರ ಸಲಹೆಗೆ 1

ಅಂಗಡಿ ಹೆಸರು ಹಾಕಲ್ಲ. ನಮ್ಮ ಬೆಂಗಳೂರಲ್ಲಿ ಸಮುದ್ರದ ಮೀನು ಇಡೋ ಅಂಗಡಿಗಳು ಇರೋದೇ ಕೆಲವು, ನಾಳೆ ಟ್ಯಾಂಕಿನ ನೀರಿಗೆ ಹಾಕೋ ಉಪ್ಪು ತೀರಿದ್ರೆ ನಾನು ಅಲ್ಲಿಗೇ ಹೋಗಿ ನಿಲ್ಬೇಕು.

ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ಮೀನು ನಿಜವಾಗ್ಲೂ ಚೆನ್ನಾಗಿದ್ವು. ಬ್ಯಾಂಗೈ ಕಾರ್ಡಿನಲ್ ನೋಡಿಲ್ದೇ ಇರೋರಿಗೆ, ಬೆಳ್ಳಿ ಮೈ, ಮೂರು ಕಪ್ಪು ಪಟ್ಟೆ, ರೆಕ್ಕೆ ಬಾಲದ ಮೇಲೆಲ್ಲ ಅಕ್ಕಿ ನುಚ್ಚು ಚೆಲ್ಲಿದಂಗೆ ಬಿಳಿ ಚುಕ್ಕೆ, ಪೂರ್ತಿ ಬೆಳೆದ್ರೂ 8 ಸೆಂ.ಮೀ. ಈಜೋದಕ್ಕಿಂತ ನಿಂತಲ್ಲೇ ತೇಲ್ತಾ ಇರೋದೇ ಜಾಸ್ತಿ. ಇದರ ತವರು ಇಂಡೋನೇಷ್ಯಾದ ಸುಲಾವೆಸಿ ಪಕ್ಕದ ಬ್ಯಾಂಗೈ ದ್ವೀಪಗಳು, ಅಷ್ಟೇ. 90ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆ ಬಿದ್ದಿದ್ದೇ ಬಿದ್ದಿದ್ದು, ಹಿಡಿದೂ ಹಿಡಿದೂ 2007ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನವ್ರು ಅಳಿವಿನಂಚಿನ ಪಟ್ಟಿಗೆ ಸೇರಿಸ್ಬೇಕಾಯ್ತು. ಸಮುದ್ರದಿಂದ ಹಿಡಿದು ತರೋದ್ರಲ್ಲಿ ಇರಿಡೋವೈರಸ್ ಅನ್ನೋ ಮೀನು ಸಾಯಿಸೋ ರೋಗದ ಕಾಟನೂ ಇದೆ. ಅದಕ್ಕೇ ಫಾರ್ಮಲ್ಲಿ ಹುಟ್ಟಿದ ಮರಿನೇ ಬೇಕು ಅಂತ ಹಟ ಹಿಡಿದೆ, ಅಂಗಡಿಯಣ್ಣ ಬೇಜಾರಿಲ್ದೇ ಮೂರು ವಾರ ಕಾದು ತರಿಸಿಕೊಟ್ರು. ನನ್ನ ಕಣ್ಮುಂದೇನೇ ಫ್ರೋಜನ್ ಮೈಸಿಸ್ (ಸಣ್ಣ ಸೀಗಡಿ ಥರದ ಮೀನಿನ ಆಹಾರ) ಹಾಕಿದ್ರು, ಐದೂ ಗಬಗಬ ತಿಂದ್ವು. ಪ್ಯಾಕಿಂಗೂ ನೀಟು, ಡಬಲ್ ಕವರ್, ಆಕ್ಸಿಜನ್. ಇಲ್ಲಿವರೆಗೂ ಫುಲ್ ಮಾರ್ಕ್ಸು.

ನಾನು ಕೇಳಿದ್ದು ಎರಡು. "ಎರಡ್ಯಾಕೆ ಸರ್, ಇದು ಗುಂಪಿನ ಮೀನು, ಐದು ತಗೊಳ್ಳಿ, ನೋಡೋಕೆ ಸಖತ್ತಾಗಿರುತ್ತೆ" ಅಂದ್ರು. ಅಂಗಡಿ ಟ್ಯಾಂಕಲ್ಲಿ ಮೂವತ್ತು ಮರಿ ಒಟ್ಟಿಗೇ ನಿಂತಿದ್ವು, ನಂಬದೇ ಇರೋಕೆ ಆಗುತ್ತಾ ಹೇಳಿ. ಒಂದಕ್ಕೆ 1400ರಂತೆ ಐದಕ್ಕೂ ಫೋನ್‌ಪೇ ಮಾಡಿ ಬಂದೆ.

ಎರಡು ತಿಂಗಳು ಒಂದು ಗಲಾಟೆ ಇಲ್ಲ. ನಾಲ್ಕು ಅಡಿ ಟ್ಯಾಂಕು, ಐದೂ ಎಡಗಡೆ ಕಲ್ಲಿನ ಕೆಳಗೆ ಸಾಲಾಗಿ ನಿಂತ್ಕೊಳ್ಳೋವು. ಆಮೇಲೆ ಒಂದಿನ ನೋಡ್ತೀನಿ, ಎರಡು ಮಾತ್ರ ಕಲ್ಲಿನ ಹತ್ರ ಅಕ್ಕಪಕ್ಕ ಅಂಟಿಕೊಂಡು ಮೈ ನಡುಗಿಸ್ತಾ ನಿಂತಿವೆ, ಮಿಕ್ಕ ಮೂರು ಬಲಗಡೆ ಮೂಲೆಗೆ ಹೋಗಿ ಫಿಲ್ಟರ್ ನೀರು ವಾಪಸ್ ಬರೋ ರಿಟರ್ನ್ ಪೈಪ್ ಹಿಂದೆ ನೀರಿನ ಮೇಲ್ಮಟ್ಟಕ್ಕೆ ಹೋಗಿ ಅಡಗಿವೆ. ಕಾರ್ಡಿನಲ್ ಮೇಲೆ ಮೂಲೇಲಿ ನಿಂತ್ರೆ ಗ್ರಹಚಾರ ಶುರು ಅಂತ ಅರ್ಥ, ಆಗ ನಂಗೆ ಗೊತ್ತಿರ್ಲಿಲ್ಲ. ಹಗಲು ಹೊತ್ತು ಏನೂ ಕಾಣ್ಸಲ್ಲ, ಸುಮ್ನೆ ಸಾಧು ಥರ ಇರ್ತವೆ. ಲೈಟ್ ಆಫ್ ಆಗೋ ಹೊತ್ತಿಗೆ ಆ ಜೋಡಿಲಿ ಒಂದು ಬಾಣದ ಥರ ಅಷ್ಟುದ್ದ ಬಂದು ಕುಕ್ಕಿ ಹೋಗೋದು. ಬೆಳಗ್ಗೆ ನೋಡಿದ್ರೆ ಒಂದರ ಬಾಲದ ತುದಿ ಹರಿದ ಬಟ್ಟೆ ಥರ ಜೋತಾಡ್ತಿತ್ತು. ನಾಲ್ಕನೇ ದಿನ ಅದು ಸತ್ತೇ ಹೋಯ್ತು, ವಾರದೊಳಗೆ ಇನ್ನೊಂದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಗಂಡ ಹೆಂಡ್ತಿ ಚೆನ್ನಾಗೇ ಇದಾರೆ, ಪಕ್ಕದ ಮನೆಯವ್ರ ಹೆಣ ಬೀಳ್ತಿದೆ ಅಂದ್ರು ನಮ್ಮಮ್ಮ.

ಐದನೇದನ್ನ ಬೇರೆ ಇಡೋಕೆ ಬ್ರೀಡಿಂಗ್ ಬಾಕ್ಸಿಗೆ ಹಾಕಿ ಅಂಗಡಿಗೆ ಫೋನ್ ಮಾಡಿದೆ. "ಹೌದು ಸರ್, ದೊಡ್ಡವಾಗಿ ಜೋಡಿ ಆದ್ಮೇಲೆ ಬೇರೇದನ್ನ ಬಿಡಲ್ಲ ಅವು" ಅಂತ ಆರಾಮಾಗಿ ಹೇಳ್ತಾರೆ! ಗೊತ್ತಿತ್ತು ಅವ್ರಿಗೆ. ಇದೇ ನನ್ನ ಕಂಪ್ಲೇಂಟು. ಮೀನು ಸತ್ತಿದ್ದಕ್ಕಲ್ಲ, ಗೊತ್ತಿದ್ದೂ ಹೇಳ್ಲಿಲ್ವಲ್ಲ ಅಂತ. ಮರಿಯಾಗಿದ್ದಾಗ ಗುಂಪಲ್ಲಿ ಇರೋದು ನಿಜ, ಆದ್ರೆ ನಮ್ಮ ಮನೆ ಟ್ಯಾಂಕಲ್ಲಿ ಸೋತ ಮೀನು ಓಡಿ ಹೋಗೋಕೆ ಜಾಗ ಎಲ್ಲಿದೆ? ಗಂಡು ಹೆಣ್ಣು ಹೊರಗಿಂದ ನೋಡಿದ್ರೆ ನಂಗಂತೂ ಇವತ್ತಿಗೂ ಗೊತ್ತಾಗಲ್ಲ, ಹಾಗಾಗಿ ಎರಡೇ ತಗೊಂಡ್ರೂ ಎರಡೂ ಗಂಡಾದ್ರೆ ಅದೇ ಕಥೆ. ಅಂಗಡಿಲೇ ಜೋಡಿಯಾಗಿ ಬೇರೆ ನಿಂತಿರೋದನ್ನ ನೋಡಿ ತಗೋಬೇಕು, ಇಲ್ಲಾ ಒಂದೇ ಒಂದು ಸಾಕು. ನಾಲ್ಕೈದು ತರೋದಾದ್ರೆ ಜೋಡಿ ಆದ ದಿನ ಮಿಕ್ಕಿದ್ದನ್ನ ವಾಪಸ್ ತಗೋತೀರಾ ಅಂತ ಮೊದ್ಲೇ ಕೇಳಿ ಇಟ್ಕೊಳ್ಳಿ. ಗುಂಪೇ ಬೇಕು ಅಂದ್ರೆ ಪೈಜಾಮ ಕಾರ್ಡಿನಲ್ ತಗೊಳ್ಳಿ, ಕೆಂಪು ಕಣ್ಣು, ಹಿಂದೆ ಚುಕ್ಕೆ ಪೈಜಾಮ, ಇಷ್ಟು ಚೆಂದ ಇಲ್ಲ ಆದ್ರೆ ಒಂದಕ್ಕೊಂದು ಹೊಂದ್ಕೊಂಡು ಹೋಗೋದ್ರಲ್ಲಿ ಎಷ್ಟೋ ವಾಸಿ.

ಐದನೇದನ್ನ ವಾಪಸ್ ತಗೊಂಡ್ರು, 700 ರೂಪಾಯಿ ಕ್ರೆಡಿಟ್ ಕೊಟ್ರು, ಅದ್ರಲ್ಲಿ ಮೈಸಿಸ್ ತಂದೆ. ಅಷ್ಟಾದ್ರೂ ಮಾಡಿದ್ರು ಅನ್ನಿ.

ಈಗ ಜೋಡಿ ವಿಷ್ಯ. ಮೈಸಿಸ್ ಹಾಕಿದ್ರೆ ಒಂದು ತಿಂತಾನೇ ಇರ್ಲಿಲ್ಲ, ಗದ್ದದ ಕೆಳಗೆ ಊತ. ಖಾಯಿಲೆ ಅಂದ್ಕೊಂಡು ಟಾರ್ಚ್ ಬಿಟ್ಟು ನೋಡಿದೆ, ಬಾಯಿ ಸಣ್ಣಕೆ ತೆರೆದಾಗ ಒಳಗೆ ಕಿತ್ತಳೆ ಬಣ್ಣದ ಮೊಟ್ಟೆ! ಈ ಜಾತಿಲಿ ಅಪ್ಪನೇ ಮೊಟ್ಟೆನ ಬಾಯಲ್ಲಿಟ್ಕೊಂಡು ಕಾಯೋದು, ಮೊಟ್ಟೆ ಒಡೆಯೋಕೇ ಮೂರು ವಾರ ಹತ್ರ, ಒಡೆದ್ಮೇಲೂ ಮರಿಗಳನ್ನ ಒಂದು ವಾರಕ್ಕಿಂತ ಜಾಸ್ತಿ ಬಾಯಲ್ಲೇ ಇಟ್ಕೋತಾನೆ, ಅಷ್ಟೂ ದಿನ ಉಪವಾಸ. ಹೊರಗೆ ಬಂದಾಗ ಅಪ್ಪನ ಜೆರಾಕ್ಸ್ ಕಾಪಿ ಥರ ಪಟ್ಟೆ ಸಮೇತ ಇರ್ತವೆ. ಈಗ ಮರಿ ಹೊರಗೆ ಬಂದಿವೆ, ಸೋಡಾ ಬಾಟ್ಲಲ್ಲಿ ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿ ಥರದ ಜೀವಿಯ ಮೊಟ್ಟೆ ಒಡೆಸಿ ಅವಕ್ಕೆ ದಿನಕ್ಕೆ ಮೂರು ಸಲ ಹಾಕ್ತಿದೀನಿ. ಸಮುದ್ರದಲ್ಲಿ ಇವು ಸೀ ಅರ್ಚಿನ್ ಅನ್ನೋ ಚೆಂಡಿನಂಥ ಸಮುದ್ರಜೀವಿಯ ಉದ್ದ ಮುಳ್ಳಿನ ಮಧ್ಯೆ ಬಚ್ಚಿಟ್ಕೊಳ್ಳೋವು, ನಾನು ಸ್ಪಾಂಜಿಗೆ ಕಪ್ಪು ಕೇಬಲ್ ಟೈ ಚುಚ್ಚಿ ಅಂಥದ್ದೇ ನಕಲಿ ಒಂದು ಮಾಡಿಟ್ಟಿದೀನಿ, 23 ಮರಿ ಅದ್ರೊಳಗೇ ಇವೆ.

ಫೋಟೋ ನೋಡಿ ಅಂಗಡಿಯಣ್ಣ ಆಗ್ಲೇ ಎರಡು ಸಲ ಫೋನ್ ಮಾಡಿದ್ರು, ಮರಿ ನಮಗೇ ಕೊಡಿ ಸರ್ ಅಂತ. ಕೊಡ್ತೀನಿ, ಆದ್ರೆ ಐದೈದು ಮಾರೋದಾದ್ರೆ ಕೊಡಲ್ಲ ಅಂದೆ. ನಕ್ಕು ಫೋನ್ ಇಟ್ರು.