ದುಡ್ಡು ಕಟ್ಟಿ ಪುಸ್ತಕ ಮಾಡಿಸುವವರೇ, ಸಹಿಗೆ ಮುಂಚೆ ಇದನ್ನು ಓದಿ

ಮೊದಲ ಕಾದಂಬರಿ ಬರೆದು ಮುಗಿಸಿದ ಲೇಖಕಿಯೊಬ್ಬರು, ಮುಂದೇನು ಮಾಡಬೇಕೆಂದು ತೋಚದೆ, ‘ಬರವಣಿಗೆಯಿಂದ ಬಿಡುಗಡೆವರೆಗೆ ಮಾರ್ಗದರ್ಶನ’ ಕೊಡುತ್ತೇವೆ ಎಂದವರಿಗೆ ಹಸ್ತಪ್ರತಿ ಕಳಿಸಿದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಇದೇ ಅಚ್ಚಿನ ಒಪ್ಪಂದಪತ್ರಗಳು ಹಲವು ಹೆಸರುಗಳಲ್ಲಿ ಓಡಾಡುತ್ತಿವೆ, ಹಾಗಾಗಿ ಅವುಗಳಲ್ಲಿ ಏನಿರುತ್ತದೆ ಎಂಬುದು ಗೊತ್ತಿರಲಿ.

ಕೆಲವೇ ದಿನಗಳಲ್ಲಿ ‘ನಿಮ್ಮ ಕೃತಿ ಆಯ್ಕೆಯಾಗಿದೆ’ ಎಂಬ ಪತ್ರ ಬಂತು. ಹೊಗಳಿಕೆ ಧಾರಾಳವಾಗಿತ್ತು, ಆದರೆ ಒಂದು ಪಾತ್ರದ ಹೆಸರಾಗಲಿ ಒಂದು ಅಧ್ಯಾಯದ ಮಾತಾಗಲಿ ಅದರಲ್ಲಿರಲಿಲ್ಲ. ನಿಜವಾಗಿ ಓದಿದ ಸಂಪಾದಕರು ಕಥೆ ಎಲ್ಲಿ ಜಾಳಾಗಿದೆ, ಯಾವ ಭಾಗ ಕತ್ತರಿಸಬೇಕು ಎಂದು ಹೇಳದೆ ಬಿಡುವುದಿಲ್ಲ. ಪತ್ರದ ಹಿಂದೆಯೇ ಪ್ಯಾಕೇಜ್ ಬಂತು: ಎಡಿಟಿಂಗ್, ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುದ್ರಣ, ಪ್ರಚಾರ, ಎಲ್ಲಕ್ಕೂ ಸೇರಿ ಒಂದೇ ಮೊತ್ತ, ಬೇಗ ಕಟ್ಟಿದರೆ ರಿಯಾಯಿತಿ.

ಆ ‘ಎಡಿಟಿಂಗ್’ನಲ್ಲಿ ಏನೇನು ಸೇರಿದೆ ಎಂದು ಬರೆದಿರಲಿಲ್ಲ. ಕೃತಿಯ ಹಂದರವನ್ನು ನೋಡುವುದು, ವಾಕ್ಯ ವಾಕ್ಯವಾಗಿ ಭಾಷೆ ತಿದ್ದುವುದು, ಪುಟವಿನ್ಯಾಸವಾದ ಮೇಲೆ ಕರಡು ತಿದ್ದುವುದು ಮೂರೂ ಬೇರೆ ಬೇರೆ ಕೆಲಸ. ಆ ಲೇಖಕಿಗೆ ಸಿಕ್ಕಿದ್ದು ವರ್ಡ್ ಫೈಲಿನ ಕಾಗುಣಿತ ತಪಾಸಣೆ ಮಾತ್ರ. ಆಮೇಲೆ ಯೂನಿಕೋಡ್‌ನಲ್ಲಿದ್ದ (ಇಂದಿನ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಬಳಸುವ ಅಕ್ಷರಸಂಕೇತ) ಪಠ್ಯವನ್ನು ಪುಟವಿನ್ಯಾಸಕ್ಕಾಗಿ ಹಳೆಯ ಆಸ್ಕಿ ಫಾಂಟಿಗೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟಿಗೆ, ಬದಲಾಯಿಸಿದರು. ಕನ್ನಡ ಪುಸ್ತಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಅರ್ಕಾವತ್ತು ಜಾಗ ತಪ್ಪುತ್ತದೆ, ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ, ಇಂಗ್ಲಿಷ್ ಅಕ್ಷರಗಳಿದ್ದಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳು ಬಂದು ಕೂರುತ್ತವೆ. ವರ್ಡ್ ಫೈಲಿನಲ್ಲಿ ಎಷ್ಟು ಸಲ ತಿದ್ದಿದ್ದರೂ ಈ ತಪ್ಪುಗಳು ಕಾಣುವುದಿಲ್ಲ, ಏಕೆಂದರೆ ಅವು ಹುಟ್ಟುವುದೇ ಆಮೇಲೆ. ಆದ್ದರಿಂದ ಕೊನೆಯ ಕರಡನ್ನು ಪುಟವಿನ್ಯಾಸವಾದ ಪಿಡಿಎಫ್‌ನಲ್ಲಿ, ಸಾಧ್ಯವಾದರೆ ಕಾಗದದ ಮೇಲೆ ಓದಬೇಕು. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಅಚ್ಚಿಗೆ ಹೋಗಬಾರದು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಹಣ ಕಟ್ಟುವ ಮೊದಲು ಹಸ್ತಪ್ರತಿಯ ನಡುವಿನ ಐದಾರು ಪುಟಗಳನ್ನು ಟ್ರ್ಯಾಕ್ ಚೇಂಜಸ್ (ಪ್ರತಿ ತಿದ್ದುಪಡಿಯೂ ಕಾಣುವಂತೆ ಗುರುತಿಡುವ ವರ್ಡ್‌ನ ಸೌಲಭ್ಯ) ಹಾಕಿ ತಿದ್ದಿಕೊಡಲು ಕೇಳಿ. ಮೊದಲ ಪುಟಗಳನ್ನು ಕೊಡಬೇಡಿ, ಅವನ್ನು ನೀವೇ ಹತ್ತಾರು ಸಲ ತಿದ್ದಿರುತ್ತೀರಿ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಕ್ಕಿನ ಷರತ್ತಿನಿಂದ. ‘ಎಲ್ಲ ಭಾಷೆ, ಎಲ್ಲ ಮಾಧ್ಯಮ, ಕೃತಿಸ್ವಾಮ್ಯದ ಪೂರ್ತಿ ಅವಧಿ’ ಎಂದು ಅದರಲ್ಲಿತ್ತು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಡಂಬಡಿಕೆಯ ಪ್ರಕಾರ ಆ ಅವಧಿ ಲೇಖಕರ ಮರಣಾನಂತರ ಕನಿಷ್ಠ 50 ವರ್ಷ. ಪ್ರಕಾಶಕರು ತಮ್ಮ ದುಡ್ಡು ಹಾಕಿದರೆ ಕೆಲವು ಹಕ್ಕು ಕೇಳುವುದು ನ್ಯಾಯ. ಎಲ್ಲ ಖರ್ಚನ್ನೂ ಲೇಖಕಿಯೇ ಹೊತ್ತ ಮೇಲೆ ಅನುವಾದ, ಸಿನಿಮಾ, ಆಡಿಯೋ ಹಕ್ಕುಗಳನ್ನು ಸಂಸ್ಥೆಗೇಕೆ ಕೊಡಬೇಕು? ಕನ್ನಡದ ಮುದ್ರಿತ ಮತ್ತು ಇ-ಪುಸ್ತಕಕ್ಕೆ ಮಾತ್ರ, ಎರಡು ಮೂರು ವರ್ಷಕ್ಕೆ, ನೋಟಿಸ್ ಕೊಟ್ಟು ಹೊರಬರುವಂತೆ ಅನುಮತಿ ಕೊಟ್ಟರೆ ಸಾಕು. ‘ಪ್ರತಿಗಳು ಮುಗಿದರೆ ಹಕ್ಕು ವಾಪಸ್’ ಎಂಬ ಸಾಲನ್ನೂ ನಂಬಬೇಡಿ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆಯಲ್ಲಿ ಪ್ರತಿಗಳು ಮುಗಿಯುವುದೇ ಇಲ್ಲ. ವರ್ಷಕ್ಕೆ ಇಂತಿಷ್ಟು ಪ್ರತಿ ಮಾರಾಟವಾಗದಿದ್ದರೆ ಹಕ್ಕು ಮರಳಬೇಕು ಎಂದು ಸಂಖ್ಯೆ ನಮೂದಿಸಿ.

ಐಎಸ್‌ಬಿಎನ್ ಅನ್ನು ಕೃತಿಸ್ವಾಮ್ಯದ ದಾಖಲೆಯೆಂದು ಹೇಳಿ ಮಾರುವವರಿದ್ದಾರೆ. ಅದು 2007ರಿಂದ 13 ಅಂಕಿಗಳಿರುವ ಗುರುತಿನ ಸಂಖ್ಯೆ, ಅಷ್ಟೇ. ಅದರೊಳಗೆ ಪ್ರಕಾಶಕರ ಸಂಕೇತವಿರುವುದರಿಂದ, ಅವರ ಹೆಸರಿನಲ್ಲಿ ಪಡೆದದ್ದನ್ನು ನೀವು ಬೇರೆ ಕಡೆಗೆ ಹೊತ್ತೊಯ್ಯಲಾಗದು, ಹೊಸ ಸಂಖ್ಯೆಯನ್ನೇ ಪಡೆಯಬೇಕು. ಸ್ವಂತ ಹೆಸರಿನಲ್ಲಿ ಪಡೆಯುವುದು ಒಳ್ಳೆಯದು.

ಫೈಲುಗಳ ವಿಷಯವನ್ನು ಯಾರೂ ಕೇಳುವುದಿಲ್ಲ. ಪುಸ್ತಕ ಬಂದ ಮೇಲೆ ತಪ್ಪು ತಿದ್ದಿಸಲು ಹೋದಾಗ ಆ ಲೇಖಕಿಗೆ ಮತ್ತೆ ಶುಲ್ಕ ಕೇಳಿದರು, ಫೈಲ್ ಕೊಡಲು ನಿರಾಕರಿಸಿದರು. ಮುದ್ರಣದ ಪಿಡಿಎಫ್ ಜೊತೆಗೆ ತಿದ್ದಲು ಬರುವ ಪುಟವಿನ್ಯಾಸದ ಮೂಲ ಫೈಲ್, ಮುಖಪುಟದ ಮೂಲ ಫೈಲ್ ನಿಮಗೆ ಸೇರಬೇಕೆಂದು ಸಹಿಗೆ ಮುಂಚೆಯೇ ಬರೆಸಿ. ಮುಖಪುಟದ ಚಿತ್ರವನ್ನು ಬಳಸಲು ಅನುಮತಿ ಇದೆಯೇ ಎಂದೂ ಕೇಳಿ.

‘ಶೇಕಡಾ 100 ರಾಯಲ್ಟಿ’ ಎಂದರೆ ಮುಖಬೆಲೆಯ ಮೇಲಲ್ಲ. ಅಂಗಡಿಯವರ ಕಮಿಷನ್, ಮುದ್ರಣ ವೆಚ್ಚ, ಸಾಗಣೆ ಎಲ್ಲ ಕಳೆದು ಉಳಿದದ್ದರ ಮೇಲೆ. ಒಂದು ಪ್ರತಿ ಮಾರಾಟವಾದರೆ ಕೈಗೆಷ್ಟು ಎಂಬ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಪ್ರಚಾರದ ಪ್ಯಾಕೇಜನ್ನು ಪೂರ್ತಿ ಬಿಟ್ಟುಬಿಡಿ. ಹಣವನ್ನು ಕಂತಿನಲ್ಲಿ ಕೊಡಿ: ಭಾಷೆ ತಿದ್ದಿದ ಪ್ರತಿ ಬಂದಾಗ ಒಂದು, ಕೊನೆಯ ಕರಡು ಒಪ್ಪಿದಾಗ ಒಂದು, ಪ್ರತಿಗಳನ್ನು ಎಣಿಸಿಕೊಂಡ ಮೇಲೆ ಉಳಿದದ್ದು.

ಈಗಾಗಲೇ ಸಹಿ ಹಾಕಿದ್ದರೆ ಫೋನಿನಲ್ಲಿ ಜಗಳವಾಡಬೇಡಿ. ಯಾವ ಕೆಲಸ ಆಗಿಲ್ಲ ಎಂಬುದನ್ನು ದಿನಾಂಕ ಸಮೇತ ಇಮೇಲ್‌ನಲ್ಲಿ ಬರೆಯಿರಿ, ಒಪ್ಪಂದಪತ್ರವನ್ನು ವಕೀಲರಿಗೆ ತೋರಿಸಿ ಮುಂದಿನ ಕಂತು ತಡೆಯಬಹುದೇ ಎಂದು ತಿಳಿದುಕೊಳ್ಳಿ. ಒಪ್ಪಂದ ರದ್ದಾದರೆ ‘ಎಲ್ಲ ಹಕ್ಕುಗಳೂ ಲೇಖಕರಿಗೆ ಮರಳಿವೆ’ ಎಂಬ ಸಹಿ ಮಾಡಿದ ಪತ್ರ ಕೈಗೆ ಬರುವವರೆಗೆ ಅದೇ ಕೃತಿಯನ್ನು ಇನ್ನೊಬ್ಬ ಪ್ರಕಾಶಕರಿಗೆ ಕೊಡಬೇಡಿ.