ಮುದ್ದೆಯ ಮನೆ: ನಾಲ್ಕು ಅಡಿ ಗಾಜಿನ ಪೆಟ್ಟಿಗೆ, ಮೂರು ಚಳಿಗಾಲದ ನಂತರ

ನಮ್ಮನೆ ಹಾವಿನ ಹೆಸರು ಮುದ್ದೆ. ಜಾತಿ ಬಾಲ್ ಪೈಥಾನ್, ಒಂದು ಬಗೆಯ ಸಣ್ಣ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಅದಕ್ಕೆ ಆ ಹೆಸರು. ಮೊದಲ ದಿನ ಅದನ್ನು ನೋಡಿದ ಮಗಳು "ಅಪ್ಪ, ಅಜ್ಜಿ ಮಾಡೋ ಮುದ್ದೆ ಥರಾನೇ ಇದೆ" ಅಂದಳು. ಬೇರೆ ಹೆಸರು ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತು.

ಈ ವಿಮರ್ಶೆ ಹಾವಿನದ್ದಲ್ಲ, ಅದರ ಪೆಟ್ಟಿಗೆಯದ್ದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಸುತ್ತ ಗಾಜು, ಮುಂದೆ ಎರಡು ಬಾಗಿಲು, ಮೇಲೆ ಪೂರ್ತಿ ಕಬ್ಬಿಣದ ಜಾಲರಿ. ಬಾಗಿಲ ಕೆಳಗೆ ಗಾಳಿಗೆ ಅಂತ ಉದ್ದದ ಒಂದು ಸೀಳು. 2022ರ ಅಕ್ಟೋಬರ್‌ನಲ್ಲಿ ಸುಮಾರು 350 ಡಾಲರ್ ಕೊಟ್ಟು ತಂದೆ. ಬೈಯುವುದು ಸ್ವಲ್ಪ ಇರುವುದರಿಂದ ಕಂಪನಿ ಹೆಸರು ಬೇಡ. ಹೇಗೂ ಈ ನಮೂನೆಯ ಪೆಟ್ಟಿಗೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಈ ಹಾವಿನ ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೋ, ಬೆನಿನ್ ಕಡೆ ಇಲಿ ಹೆಗ್ಗಣದ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಹಗಲು ಕಳೆಯುವ ಪ್ರಾಣಿ. ಬಿಲದ ಒಳಗೆ ಬೆಚ್ಚಗೆ, ಜೊತೆಗೆ ಮಣ್ಣಿನ ತೇವ. ಸಾಕುವವರು ಸಾಮಾನ್ಯವಾಗಿ ಹೇಳುವುದು ಶೇಕಡಾ 60ರಿಂದ 80ರ ತೇವಾಂಶ. ನಮ್ಮ ಮನೆಯಲ್ಲಿ ಜನವರಿಯಲ್ಲಿ ಎಷ್ಟಿರುತ್ತೆ ಗೊತ್ತಾ? 22. ಹೊರಗಿನ ಗಾಳಿ ಮೈನಸ್ 10 ಡಿಗ್ರಿ ಇದ್ದಾಗ ಅದರಲ್ಲಿ ನೀರಿನಂಶ ಇರುವುದೇ ಒಂದು ಚೂರು. ಅಲ್ಲಿ ಶೇಕಡಾ 80 ಅಂತ ತೋರಿಸಿದರೂ, ಅದೇ ಗಾಳಿಯನ್ನು ಮನೆಯೊಳಗೆ 21 ಡಿಗ್ರಿಗೆ ಕಾಯಿಸಿದರೆ 10ರ ಆಸುಪಾಸಿಗೆ ಇಳಿಯುತ್ತದೆ. ನಾವು ಅಡುಗೆ ಮಾಡುವುದು, ಸ್ನಾನ ಮಾಡುವುದು, ಬಟ್ಟೆ ಒಣಗಿಸುವುದು ಸೇರಿ ಆ 22. ನನ್ನ ತುಟಿಯೇ ಒಡೆಯುತ್ತಿತ್ತು, ಇನ್ನು ಹಾವಿನ ಗತಿ?

ಮೊದಲ ಚಳಿಗಾಲ ಪೆಟ್ಟಿಗೆಯನ್ನು ಬಂದ ಹಾಗೇ ಬಳಸಿದೆ. ಜಾಲರಿ ಮೇಲೆ ಬಿಸಿಗೆ ಅಂತ ಹ್ಯಾಲೊಜೆನ್ ದೀಪ ಇಟ್ಟೆ. ಇಲ್ಲಿ ನನಗೆ ತಡವಾಗಿ ಹೊಳೆದ ವಿಷಯ ಒಂದಿದೆ. ಆ ದೀಪ, ಆ ಜಾಲರಿ ಸೇರಿ ಪೆಟ್ಟಿಗೆಯನ್ನು ಹೊಗೆಗೂಡು ಮಾಡಿಬಿಡುತ್ತವೆ. ಕಾದ ಗಾಳಿ ಮೇಲೆ ಹೋಗುತ್ತೆ, ತನ್ನ ಜೊತೆ ತೇವವನ್ನೂ ಹೊತ್ತೊಯ್ಯುತ್ತೆ, ಕೆಳಗಿನ ಸೀಳಿನಿಂದ ಒಣ ಗಾಳಿ ಒಳಗೆ ಬರುತ್ತೆ. ಬೆಳಿಗ್ಗೆ ನೀರು ಸ್ಪ್ರೇ ಮಾಡಿದರೆ ತೇವಾಂಶದ ಮೀಟರಿನ ಮುಳ್ಳು 75ಕ್ಕೆ ಏರಿ ಮಧ್ಯಾಹ್ನಕ್ಕೆ 30. ಸಂಜೆ ಮತ್ತೆ ಸ್ಪ್ರೇ.

ಜನವರಿಯಲ್ಲಿ ಮುದ್ದೆ ಪೊರೆ ಬಿಟ್ಟಿತು. ಬಿಟ್ಟಿತು ಅನ್ನುವುದಕ್ಕಿಂತ ಸುಲಿದುಕೊಂಡಿತು ಅನ್ನಬೇಕು. ಒಣ ಈರುಳ್ಳಿ ಸಿಪ್ಪೆಯಂಥ ಚೂರುಗಳು ಪೆಟ್ಟಿಗೆ ತುಂಬ. ಬಾಲದ ತುದಿಯಲ್ಲಿ ಉಂಗುರದ ಹಾಗೆ ಒಂದು ಪಟ್ಟಿ ಬಿಗಿದುಕೊಂಡಿತ್ತು. ಎಡಗಣ್ಣಿನ ಮೇಲಿನ ಪೊರೆ ಹಾಗೇ ಉಳಿದು ಕಣ್ಣು ಮಂಜಾಗಿ ಕಾಣುತ್ತಿತ್ತು. ಹಾವಿಗೆ ರೆಪ್ಪೆ ಇಲ್ಲ. ಕಣ್ಣ ಮೇಲಿನ ಪಾರದರ್ಶಕ ಪದರವೂ ಪೊರೆಯ ಜೊತೆಗೇ ಬರಬೇಕು. ಅದನ್ನು ಕೈಯಿಂದ ಕೀಳಲು ಹೋಗಬೇಡಿ, ಕಣ್ಣೇ ಹೋಗಬಹುದು. ನಾವು ಒದ್ದೆ ಟವಲ್ ಇರುವ ಡಬ್ಬದಲ್ಲಿ ಅರ್ಧ ಗಂಟೆ ಬಿಟ್ಟೆವು, ಬಾಲದ ಪಟ್ಟಿ ಸಡಿಲವಾಯಿತು. ಕಣ್ಣಿನದನ್ನು ಪಶುವೈದ್ಯೆ ನೋಡಿಕೊಂಡರು.

ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಇಡೀ ಜಾಲರಿಗೆ ಅಲ್ಯೂಮಿನಿಯಂ ಟೇಪ್ ಬಡಿದೆ, ದೀಪದ ಜಾಗ ಮಾತ್ರ ಬಿಟ್ಟು. ಕೆಳಗಿನ ಸೀಳಿಗೂ ಟೇಪ್. ಜೊತೆಗೆ ಮಂಜು ಉಗುಳುವ ಯಂತ್ರ ಬೇರೆ. ತೇವಾಂಶ 90 ದಾಟಿತು, ನಾನು ಖುಷಿಯಾದೆ. ಮೂರನೇ ವಾರಕ್ಕೆ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಮೂಲೆಯ ಮರದ ತುಂಡಿಗೆ ಬಿಳಿ ಬೂಷ್ಟು ಬಂದಿತ್ತು, ಬಾಗಿಲು ತೆಗೆದರೆ ಹಳೇ ಒದ್ದೆ ಗೋಣಿಚೀಲದ ವಾಸನೆ. ಒಂದು ರಾತ್ರಿ ಎಲ್ಲ ಮಲಗಿದ ಮೇಲೆ ಪೆಟ್ಟಿಗೆ ಕಡೆಯಿಂದ ಸಣ್ಣ ಸಿಳ್ಳೆ ಕೇಳಿಸಿತು. ಟಾರ್ಚ್ ಹಿಡಿದು ನೋಡಿದೆ. ಮುದ್ದೆ ತಲೆ ಮೇಲೆತ್ತಿಕೊಂಡು ಉಸಿರಾಡುತ್ತಿತ್ತು, ಮೂಗಿನ ತುದಿಯಲ್ಲಿ ಒಂದು ಪುಟ್ಟ ಗುಳ್ಳೆ. ಉಸಿರಾಟದ ಸೋಂಕು. ಕೆಲವು ವಾರ ಇಂಜೆಕ್ಷನ್. ಪೆಟ್ಟಿಗೆಗೆ ಕೊಟ್ಟಷ್ಟೇ ಡಾಲರ್ ಅಲ್ಲೂ ಹೋಯಿತು.

ದಾರಿ ತೋರಿಸಿದ್ದು ನಮ್ಮಮ್ಮ. 2023ರ ಬೇಸಿಗೆಯಲ್ಲಿ ತುಮಕೂರಿನಿಂದ ಬಂದಿದ್ದರು. ಮೊದಲ ವಾರ ಆ ಕೋಣೆಗೆ ಕಾಲಿಡಲಿಲ್ಲ. ನಾಗರ ಪಂಚಮಿ ದಿನ ಬಾಗಿಲಲ್ಲೇ ನಿಂತು ದೂರದಿಂದ ಕೈಮುಗಿದರು. (ಹಾಲು ಕೊಡಬೇಡಿ ಅಂತ ಮೊಮ್ಮಗಳೇ ಮೊದಲೇ ತಾಕೀತು ಮಾಡಿದ್ದಳು.) ಆಮೇಲೆ ನನ್ನ ಟೇಪ್ ಕಥೆ ಕೇಳಿ ಅಂದರು: "ಅಲ್ವೋ, ಮೊಳಕೆ ಕಾಳು ಕಟ್ಟೋದು ಮರೆತುಬಿಟ್ಯಾ? ಬಟ್ಟೆ ಒಣಗಿದ್ರೆ ಮೊಳಕೆ ಬರಲ್ಲ. ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದ್ರೆ ಲೋಳೆ ಬಂದು ನಾರುತ್ತೆ. ಕಾಳು ಒದ್ದೆ ಇರ್ಬೇಕು, ಬಟ್ಟೆ ಉಸಿರಾಡ್ಬೇಕು."

ಅಷ್ಟೇ ವಿಷಯ. ನಾನು ಗಾಳಿಗೆ ನೀರು ಹಾಕುತ್ತಿದ್ದೆ, ಹಾಕಬೇಕಿದ್ದದ್ದು ನೆಲಕ್ಕೆ.

ಆ ಸೆಪ್ಟೆಂಬರ್‌ನಲ್ಲಿ ಎಲ್ಲ ಕಿತ್ತು ಮತ್ತೆ ಮಾಡಿದೆ. ಮೊದಲು ಅಳತೆ ಸರಿ ಇದೆಯಾ ನೋಡಿದೆ. ಪೆಟ್ಟಿಗೆ ಜೊತೆ ಬಂದಿದ್ದ ಮುಳ್ಳಿನ ಮೀಟರ್ ಸುಮ್ನೆ ಅಲಂಕಾರಕ್ಕೆ, ಅದನ್ನು ಎಸೆಯಿರಿ. ವೈರ್ ಇರುವ ಎರಡು ಡಿಜಿಟಲ್ ಮೀಟರ್ ತಂದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಅದು 75 ತೋರಿಸಬೇಕು. ನನ್ನದೊಂದು 77, ಇನ್ನೊಂದು 68. ಎರಡರ ಮೇಲೂ ವ್ಯತ್ಯಾಸ ಬರೆದು ಚೀಟಿ ಅಂಟಿಸಿದೆ.

ನೆಲಕ್ಕೆ ತೆಂಗಿನ ಸಿಪ್ಪೆಯ ಚೂರು, ನಾಲ್ಕು ಇಂಚು. ನೀರನ್ನು ಮೇಲೆ ಚಿಮುಕಿಸುವುದಿಲ್ಲ. ನಾಲ್ಕೂ ಮೂಲೆಗೆ ಚೊಂಬಿನಿಂದ ನಿಧಾನವಾಗಿ ಸುರಿಯುತ್ತೇನೆ, ಚಳಿಗಾಲದಲ್ಲಿ ವಾರಕ್ಕೆ ಒಂದೂವರೆ ಲೀಟರ್. ನೀರು ತಳಕ್ಕೆ ಇಳಿದು ಅಡಿಯಿಂದ ಮೇಲಕ್ಕೆ ಆವಿಯಾಗುತ್ತಾ ಹೋಗುತ್ತೆ. ಮೇಲಿನ ಒಂದು ಇಂಚು ಮುಟ್ಟಿದರೆ ಒಣಗಿರಬೇಕು. ಹಾವು ಮಲಗುವ ಜಾಗವೇ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯಲು ಶುರುವಾಗುತ್ತವೆ. ದೀಪದಿಂದ ದೂರದ ತಂಪು ಬದಿಯ ಅಡಗುತಾಣದೊಳಗೆ ಹಿಂಡಿದ ಪಾಚಿ ಒಂದು ಹಿಡಿ. ಬೂಷ್ಟು ತಿನ್ನಲು ಸ್ಪ್ರಿಂಗ್‌ಟೇಲ್ ಹುಳು ಬಿಟ್ಟಿದ್ದೇನೆ. ಹೆಂಡತಿಗೆ ಇದು ಇನ್ನೂ ಗೊತ್ತಿಲ್ಲ.

ಇನ್ನು ಜಾಲರಿ. ಟೇಪ್ ಬದಲು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೂರು ತುಂಡು ಮಾಡಿ ಮೇಲೆ ಇಟ್ಟೆ. ಅಕ್ರಿಲಿಕ್ ಆದರೆ ದೀಪದ ಬಿಸಿಗೆ ಬಾಗುತ್ತೆ, ನನ್ನ ಮೊದಲ ಹಾಳೆ ಹಪ್ಪಳದ ಹಾಗಾಯಿತು. ಪಾಲಿಕಾರ್ಬೊನೇಟನ್ನೂ ದೀಪದಿಂದ ಐದಾರು ಇಂಚು ದೂರ ಇಟ್ಟಿದ್ದೇನೆ. ಚಳಿಗಾಲದಲ್ಲಿ ಮೂರೂ ತುಂಡು ಇರುತ್ತವೆ, ಆದರೂ ದೀಪದ ಸುತ್ತ ಆ ಐದಾರು ಇಂಚು, ಇನ್ನೊಂದು ತುದಿಯಲ್ಲಿ ಎರಡು ಬೆರಳಷ್ಟು ಜಾಲರಿ ತೆರೆದೇ ಇರುತ್ತೆ. ಮೇ ತಿಂಗಳಿಂದ ಒಂದು, ಜುಲೈನ ಅಂಟು ಸೆಖೆಯಲ್ಲಿ ಎರಡು ತುಂಡು ತೆಗೆಯುತ್ತೇನೆ. ಕೆಳಗಿನ ಸೀಳನ್ನು ಈಗ ಮುಟ್ಟುವುದೇ ಇಲ್ಲ. ಎರಡು ಬಾಗಿಲ ನಡುವಿನ ಸಂದಿಗೆ ಮಾತ್ರ ತೆಳು ರಬ್ಬರ್ ಪಟ್ಟಿ ಹಾಕಿದೆ. ಟೇಪ್ ಬೇಕೇ ಬೇಕು ಅನ್ನುವವರು ಹೊರಗಡೆಯಿಂದ ಮಾತ್ರ ಅಂಟಿಸಿ. ಒಳಗೆ ಬಿಚ್ಚಿಕೊಂಡ ಟೇಪಿಗೆ ಹಾವು ಸಿಕ್ಕಿಬಿದ್ದರೆ ಚರ್ಮ ಕಿತ್ತು ಬರುತ್ತದೆ.

ದೀಪಕ್ಕೆ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಹಾಕಿದ್ದೇನೆ. ಬಿಸಿ ಬದಿ 33, ತಂಪು ಬದಿ 26 ಡಿಗ್ರಿ.

ಇಲ್ಲಿ ಒಂದು ಗೊಂದಲ ತುಂಬ ಜನಕ್ಕೆ ಆಗುತ್ತೆ, ನನಗೂ ಆಗಿತ್ತು. ತಂಪು ಬದಿಯಲ್ಲಿ 70 ಇದ್ದರೆ ಬಿಸಿ ಬದಿಯ ಮೀಟರ್ 50ಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿ ನೀರು ಕಡಿಮೆಯಾಗಿದೆ ಅಂತಲ್ಲ. ಬಿಸಿ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ, ಹಾಗಾಗಿ ಅದೇ ನೀರು ಕಡಿಮೆ ಶೇಕಡಾ ಅಂತ ಕಾಣುತ್ತದೆ. ಬಿಸಿ ಬದಿಯನ್ನೂ 70ಕ್ಕೆ ಏರಿಸುತ್ತೇನೆ ಅಂತ ಹೊರಟರೆ ತಂಪು ಬದಿಯ ಗಾಜು ಬೆವರುತ್ತದೆ. ನನ್ನ ಲೆಕ್ಕ ಸರಳ: ಬೆಳಿಗ್ಗೆ ಗಾಜಿನ ಕೆಳ ಅಂಚಿನಲ್ಲಿ ತೆಳ್ಳಗೆ ಮಂಜು ಇದ್ದು ಹತ್ತು ಗಂಟೆಗೆ ಮಾಯವಾದರೆ ಸರಿ. ಮಧ್ಯಾಹ್ನದವರೆಗೂ ಇದ್ದರೆ ಒಂದು ತುಂಡು ಹಾಳೆ ಸರಿಸುತ್ತೇನೆ.

ಆಮೇಲಿನ ಎರಡು ಚಳಿಗಾಲ ತಂಪು ಬದಿಯಲ್ಲಿ 65ರಿಂದ 75ರ ನಡುವೆಯೇ ಓಡಿತು. ಮಂಜಿನ ಯಂತ್ರ ಮಾರಿದೆ. ಸಿಳ್ಳೆ ಮತ್ತೆ ಕೇಳಿಲ್ಲ. ಪೊರೆ ಈಗ ಮೂತಿಯಿಂದ ಬಾಲದವರೆಗೆ ಒಂದೇ ತುಂಡು, ಕಾಲುಚೀಲ ತಿರುಗಿಸಿ ತೆಗೆದ ಹಾಗೆ. ಬೆಳಕಿಗೆ ಹಿಡಿದರೆ ಎರಡು ಕಣ್ಣಿನ ಗಾಜೂ ಕಾಣುತ್ತವೆ. ಮಗಳು ಪ್ರತಿ ಪೊರೆಯನ್ನೂ ಗೋಡೆಗೆ ಹಿಡಿದು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾಳೆ. ಪೊರೆ ಹಿಗ್ಗುವುದರಿಂದ ಅದು ಯಾವಾಗಲೂ ಹಾವಿಗಿಂತ ಉದ್ದ ಇರುತ್ತೆ. ಹೇಳಿದರೆ ಅವಳು ಒಪ್ಪಲ್ಲ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ "ಚೆನ್ನಾಗಿದೆ, ದೇವರ ಕೋಣೆಗೆ ಮಾತ್ರ ತರ್ಬೇಡಿ" ಅಂದರು.

ಪೆಟ್ಟಿಗೆಗೆ ಎಷ್ಟು ಅಂಕ? ಬಂದ ಹಾಗೇ ಬಳಸಿದರೆ ಐದಕ್ಕೆ ಎರಡು. ಸುಮಾರು 60 ಡಾಲರ್ ಖರ್ಚು, ಎರಡು ಭಾನುವಾರ ಕೊಟ್ಟ ಮೇಲೆ ನಾಲ್ಕು. ನೋಡಲು ಗಾಜಿನಷ್ಟು ಚೆಂದ ಬೇರೆ ಇಲ್ಲ. ತೂಕ ಮಾತ್ರ ಭಯಂಕರ, ಇಬ್ಬರಿಲ್ಲದೆ ಅಲುಗಾಡಲ್ಲ. ಗಾಜು ಬಿಸಿಯನ್ನೂ ಬೇಗ ಬಿಟ್ಟುಕೊಡುತ್ತದೆ. ಹಿಂಬದಿ ಮತ್ತು ಪಕ್ಕಕ್ಕೆ ಥರ್ಮೋಕೋಲ್ ಹಾಳೆ ಅಂಟಿಸಿದ ಮೇಲೆ ದೀಪ ಕಡಿಮೆ ಹೊತ್ತು ಉರಿಯುತ್ತಿದೆ. ಇಂದು ಹೊಸದಾಗಿ ಕೊಳ್ಳುವುದಾದರೆ, ನಮ್ಮಂಥ ಒಣ ಚಳಿಯ ಊರಲ್ಲಿ ಪಿವಿಸಿ ಪೆಟ್ಟಿಗೆ ತೆಗೆದುಕೊಳ್ಳುತ್ತಿದ್ದೆ. ಅದರ ಮೇಲೆ ಜಾಲರಿಯೇ ಇರಲ್ಲ, ಪಕ್ಕದಲ್ಲಿ ಸಣ್ಣ ಗಾಳಿಕಿಂಡಿ ಅಷ್ಟೇ. ಮಂಗಳೂರಿನಂಥ ಊರಾದರೆ ಉಲ್ಟಾ, ಈ ಜಾಲರಿಯೇ ಅಲ್ಲಿ ವರ.

ಊರಲ್ಲಿರುವ ಗೆಳೆಯರು ಕೇಳುತ್ತಾರೆ, ಅದಕ್ಕೆ ಹೇಳಿಬಿಡುತ್ತೇನೆ. ಭಾರತದಲ್ಲಿ ನಮ್ಮದೇ ಕಾಡಿನ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಾದರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಸದ್ಯಕ್ಕೆ ಬಾಗಿಲ ನಡುವಿನ ರಬ್ಬರ್ ಪಟ್ಟಿ ಹಳದಿಯಾಗಿ ಗಟ್ಟಿಯಾಗುತ್ತಿದೆ, ಬಲಗಡೆ ಬೀಗ ತುಕ್ಕು ಹಿಡಿದಿದೆ. ಎರಡನ್ನೂ ಅಕ್ಟೋಬರ್ ಒಳಗೆ ಬದಲಾಯಿಸಬೇಕು.